ಗೋಡೆಯಾಚೆಯ ಶಾಲೆ

ಬೆಳಿಗ್ಗೆ ಏಳೂವರೆಗೆ ಮಾನಸಳ ಶಾಲೆಯ ವ್ಯಾನು ಕ್ಯಾತನಹಳ್ಳಿ ದಾಟಿ ಪಾಂಡವಪುರದ ಕಡೆ ಹೊರಟಿತೆಂದರೆ ಚೈತ್ರಳ ಹೊಟ್ಟೆಯುರಿಯ ಹೊತ್ತು ಶುರುವಾಗುತ್ತಿತ್ತು. ಟಿಫನ್ ಡಬ್ಬಿ ತುಂಬಿ, ಜಡೆ ಎಳೆದು, ಟೈ ಸಿಕ್ಕಿಸಿ, ನಾಲ್ಕು ಬೈದು, ಮಗಳನ್ನು ವ್ಯಾನಿಗೆ ತುರುಕಿ ಬಂದು ಉಸ್ಸೆಂದು ಕೂತರೆ ಪಕ್ಕದ ಮನೆಯಿಂದ ತಾಯಿ ಮಗಳು ನಗುವುದು ಕೇಳುತ್ತಿತ್ತು. ಕೇಳದೆ ಇರಲು ಉಪಾಯವಿರಲಿಲ್ಲ. ಅಣ್ಣತಮ್ಮಂದಿರು ಪಾಲಾದಾಗ ಹಳೆಯ ಹೆಂಚಿನ ಮನೆಯ ನಡುಮನೆಗೆ ಅಡ್ಡಗೋಡೆ ಎಬ್ಬಿಸಿದ್ದರು. ಗೋಡೆ ತೊಲೆಯವರೆಗೆ ಬಂದು ನಿಂತುಬಿಟ್ಟಿತ್ತು. ಅದರ ಮೇಲೆ ಹೆಂಚಿನ ತನಕ ಬಯಲು. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆಯವರು ಸೀನುತ್ತಿದ್ದರು.

ಆ ಕಡೆ ಇದ್ದವಳು ಮೈದುನ ಧರ್ಮೇಂದ್ರನ ಹೆಂಡತಿ ಮೇಘನ, ಹೊಸಹೊಳಲಿನ ಹುಡುಗಿ. ಬಿ.ಎಡ್. ಮಾಡಿ ಕೆ.ಆರ್. ಪೇಟೆಯಲ್ಲಿ ಎರಡು ವರ್ಷ ಪಾಠ ಹೇಳಿ ಬಂದವಳು. ಅವಳ ಮಗಳು ಅನು, ಮಾನಸಳಿಗಿಂತ ಇಪ್ಪತ್ತು ದಿನಕ್ಕೆ ಚಿಕ್ಕವಳು. ಇಬ್ಬರಿಗೂ ಹತ್ತು ತುಂಬಿತ್ತು. ಮಾನಸ ಐದನೇ ಕ್ಲಾಸು. ಅನು ಯಾವ ಕ್ಲಾಸೂ ಅಲ್ಲ.

ಎಲ್ಲ ಶುರುವಾದದ್ದು ಕೊರೊನಾ ಕಾಲದಲ್ಲಿ. ಶಾಲೆಗಳು ಬಾಗಿಲು ಹಾಕಿದಾಗ ಮೇಘನ ಇಬ್ಬರು ಮಕ್ಕಳನ್ನೂ ಜಗಲಿಯ ಮೇಲೆ ಕೂರಿಸಿಕೊಂಡು ಒಂದೂವರೆ ವರ್ಷ ಅಕ್ಷರ, ಲೆಕ್ಕ ಹೇಳಿಕೊಟ್ಟಳು. ಆಗ ಚೈತ್ರಳಿಗೂ ಹಾಯೆನಿಸಿತ್ತು, ಸುಳ್ಳೇಕೆ ಹೇಳಬೇಕು. ಶಾಲೆ ತೆರೆದಾಗ ಅವಳು ಮಾನಸಳನ್ನು ಕಳಿಸಿದಳು. ಮೇಘನ ಅನುವನ್ನು ಕಳಿಸಲಿಲ್ಲ. "ಚೆನ್ನಾಗ್ ಕಲೀತಾವ್ಳೆ ಕಣಕ್ಕ, ಅಲ್ಲೋಗಿ ಬಾಯ್ ಮುಚ್ಕೊಂಡ್ ಕೂರದ್ ಯಾಕೆ?" ಎಂದಿದ್ದಳು. ಆ ಮಾತು ತನಗೇ ಹೇಳಿದ್ದು ಎಂದು ಚೈತ್ರ ಆವತ್ತೇ ತೀರ್ಮಾನಿಸಿಬಿಟ್ಟಿದ್ದಳು.

ಆಚೆ ಕಡೆಯ ಪಾಠವೂ ಪಾಠದಂತೆ ಇರುತ್ತಿರಲಿಲ್ಲ. ಒಂದು ದಿನ ತಾಯಿ ಮಗಳು ನಾಲೆಗೆ ಹೋಗಿ ಹೊಂಗೆ ಎಲೆ ತೇಲಿಬಿಟ್ಟು ನೀರು ಎಷ್ಟು ಜೋರಾಗಿ ಹರಿಯುತ್ತದೆಂದು ಅಳೆಯುತ್ತಿದ್ದರು. ಇನ್ನೊಂದು ದಿನ ಇಡೀ ಮಧ್ಯಾಹ್ನ ಇರುವೆ ನೋಡುತ್ತಿದ್ದರು. ಎರಡು ಹೊತ್ತೂ ಅನುವೇ ಕ್ಯಾನು ಹಿಡಿದು ಡೈರಿಗೆ ಹಾಲು ಹಾಕಲು ಹೋಗುತ್ತಿದ್ದಳು. ಅಲ್ಲಿ ಹಾಲು ಅಳೆಯುವ ಹೊನ್ನಪ್ಪ ಹಾಲಿಗೆ ಇಳಿಬಿಡುವ ಲ್ಯಾಕ್ಟೋಮೀಟರನ್ನು ತಾನೇ ಓದಿ, ಫ್ಯಾಟು ಎಷ್ಟು ಬಂತೆಂದು ಚೀಟಿಯಲ್ಲಿ ಬರೆಸಿಕೊಂಡು ಬರುತ್ತಿದ್ದಳು. ದಶಮಾಂಶ ಕಲಿತದ್ದು ಹಾಗೆಯೇ. ನಿನ್ನೆ ಮೂರು ಪಾಯಿಂಟ್ ಎಂಟು, ಇವತ್ತು ನಾಲ್ಕು ಪಾಯಿಂಟ್ ಒಂದು. ಹಸು ಏನು ತಿಂದಿತ್ತು ಹೇಳು? ಮಾನಸ ಅದೇ ದಶಮಾಂಶವನ್ನು ಟ್ಯೂಷನ್ನಿನಲ್ಲಿ ಎರಡು ಸಲ ಕಲಿತು ಎರಡು ಸಲವೂ ಮರೆತಿದ್ದಳು.

ಚೈತ್ರಳಿಗೆ ಸಮಾಧಾನಕ್ಕೆ ಏನೂ ಇರಲಿಲ್ಲವೆಂದಲ್ಲ. ಕಿಕ್ಕೇರಿಯ ಅವಳ ತವರಿನಲ್ಲಿ ಒಂದು ಮಗುವಿನ ನಾಮಕರಣವಾದಾಗ ಹತ್ತಾರು ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರೆ ಅನು ಅವ್ವನ ಸೆರಗು ಬಿಟ್ಟಿರಲಿಲ್ಲ. ಕೊನೆಗೆ ಆಡಿದ ಒಂದಾಟ ಸೋತದ್ದಕ್ಕೆ ಮೂಲೆ ಸೇರಿ ಅತ್ತಿದ್ದಳು. ಸಂಜೆ ವ್ಯಾನು ಬರುವ ಹೊತ್ತಿಗೆ ಗೇಟು ಹಿಡಿದು ನಿಂತಿರುತ್ತಿದ್ದಳು. ಮಾನಸಳ ಗೆಳತಿಯರು ಕಿಟಕಿಯಿಂದ ಕೈ ಬೀಸಿದರೆ ತಿರುಗಿ ಬೀಸುವುದೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಇದನ್ನೆಲ್ಲ ಚೈತ್ರ ಗಂಡನಿಗೆ ಎರಡೆರಡು ಸಲ ಹೇಳುತ್ತಿದ್ದಳು. ಶಂಕರ್ ಕೇಳುವಷ್ಟು ಕೇಳಿ, "ಏನಾರ ಅನ್ನು, ಮಗ ಚುರುಕದೆ ಕಣೆ" ಎಂದು ಎದ್ದು ಹೋಗುತ್ತಿದ್ದ.

ಅದಾದರೂ ಹೋಗಲಿ. ತಡೆಯಲಾಗದೆ ಇದ್ದದ್ದು ಬೇರೆ. ಮಾನಸ ವ್ಯಾನಿನಿಂದ ಇಳಿದವಳು ಬ್ಯಾಗನ್ನು ಈ ಬಾಗಿಲಲ್ಲಿ ಎಸೆದು ಆ ಬಾಗಿಲಿಗೆ ಓಡುತ್ತಿದ್ದಳು. ಇಲ್ಲಿ ಕೇಳಿದರೆ "ಏನಿಲ್ಲಮ್ಮ" ಎನ್ನುವ ಹುಡುಗಿ ಅಲ್ಲಿ ಮಿಸ್ಸು ಬೈದದ್ದು, ಬೆಂಚು ಬದಲಾದದ್ದು, ಯಾರೋ ಪೆನ್ನು ಕದ್ದದ್ದು ಎಲ್ಲವನ್ನೂ ಪಟಪಟ ಹೇಳುತ್ತಿದ್ದಳು. ಹೆತ್ತ ಮಗಳ ಸುದ್ದಿಯನ್ನು ಚೈತ್ರ ಗೋಡೆಯ ಮೇಲಿನಿಂದ ಕೇಳಿ ತಿಳಿಯಬೇಕಿತ್ತು. ಅವಳದು ಅವಳಿಗಿದೆ, ನನ್ನದನ್ನೂ ಯಾಕೆ ಕಿತ್ತುಕೊಳ್ಳುತ್ತಾಳೆ ಎಂದು ಒಳಗೊಳಗೇ ಬೇಯುತ್ತಿದ್ದಳು. ಅನು ಎಲ್ಲರ ಹಾಗೆ ಶಾಲೆಗೆ ಹೋಗಿ, ಎಲ್ಲರ ಹಾಗೆ ಹೋಮ್‌ವರ್ಕು ಬರೆಯುತ್ತ ಕೂತರೆ, ಆ ಜಗಲಿ ಬಿಕೋ ಎಂದರೆ, ತನ್ನ ಮಗಳು ತನ್ನ ಬಾಗಿಲಿಗೆ ಬರುತ್ತಾಳೆ. ಇಷ್ಟೇ ಅವಳ ಲೆಕ್ಕ.

ಜೂನ್ ತಿಂಗಳಲ್ಲಿ ಊರ ಶಾಲೆಯ ಸೋಮಯ್ಯ ಮೇಷ್ಟ್ರು ರಿಜಿಸ್ಟರು ಹಿಡಿದು ಬಂದರು. ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡುವ ಕೆಲಸ ಅವರಿಗೆ ಬಿದ್ದಿತ್ತು. ಮೇಘನ ಮನೆಯಲ್ಲಿರಲಿಲ್ಲ. ಚೈತ್ರ ಕುರ್ಚಿ ಹಾಕಿ ಕಾಫಿ ಕೊಟ್ಟಳು.

"ಪಕ್ಕದ್ಮನೇಲಿ ಮಗು ಅದಲ್ವಾ, ಯಾವ ಸ್ಕೂಲಮ್ಮ?" ಎಂದರು ಮೇಷ್ಟ್ರು.

"ಯಾವ್ದೂ ಇಲ್ಲ ಸಾ."

"ಮನೇಲೇ ಓದುಸ್ತಾರಂತಲ್ಲ."

ಇಲ್ಲಿ ಹೌದೆಂದಿದ್ದರೆ ಮುಗಿಯುತ್ತಿತ್ತು. ಚೈತ್ರ ಬಾಗಿಲ ಕಡೆ ಒಮ್ಮೆ ನೋಡಿ, "ಓದು ಅನ್ನದು ಹೆಸ್ರಿಗಷ್ಟೆ ಸಾ. ಹಸ ಕರ ನೋಡ್ಕಳಕ್ಕೆ ಮಡಿಕ್ಕಂಡವ್ರೆ. ಎರಡೊತ್ತೂ ಹಾಲಾಕದು ಅದೇ ಮಗ. ಬೇಕಾರೆ ಡೈರೀಲಿ ಕೇಳಿ" ಎಂದಳು. ಸಲೀಸಾಗಿ ಬಂತು ಮಾತು. ಆಮೇಲೆ ಅವಳಿಗೇ ಆಶ್ಚರ್ಯವಾಯಿತು.

ಮೇಷ್ಟ್ರು ನೇರ ಡೈರಿಗೆ ಹೋದರು. ಹೊನ್ನಪ್ಪ ಮುಗ್ಧನಾಗಿ, ಹೊಗಳುವ ಉಮೇದಿನಲ್ಲಿ, "ಅದೇ ಮಗ ಸಾರ್. ಮಳೆ ಬರ್ಲಿ ಬಿಸ್ಲಾಗ್ಲಿ ಒಂದಿನ ತಪ್ಪುಸಲ್ಲ. ನನ್ ಕೆಲ್ಸಾನೂ ಅದೇ ಮಾಡ್ಬುಡ್ತದೆ" ಎಂದನಂತೆ. ಮೇಘನ ಪಾಠವೆಂದು ಕಳಿಸುತ್ತಿದ್ದದ್ದು ರಿಜಿಸ್ಟರಿನಲ್ಲಿ ದುಡಿಮೆಯೆಂದು ಬರೆಸಿಕೊಂಡಿತು.

ಶನಿವಾರ ಮಧ್ಯಾಹ್ನ ಮೇಷ್ಟ್ರು ಮತ್ತೆ ಬಂದರು. ಮಾನಸಳಿಗೆ ಅರ್ಧ ದಿನದ ಶಾಲೆ. ಅವಳೂ ಆ ಜಗಲಿಯ ಮೇಲೇ ಇದ್ದಳು. ಚೈತ್ರ ತನಗೇನೂ ಗೊತ್ತಿಲ್ಲದವಳಂತೆ ಸೊಪ್ಪು ಬಿಡಿಸುತ್ತ ಹೋಗಿ ಕಂಬಕ್ಕೊರಗಿದಳು.

"ಮಗೂನ ದುಡ್ಸ್ಕಂತಾವ್ರೆ ಅಂತ ಮಾಹಿತಿ ಬಂದದಮ್ಮ," ಎಂದರು ಮೇಷ್ಟ್ರು. "ಆರ್ ವರ್ಷದಿಂದ ಹದ್ನಾಕರವರ್ಗೂ ಶಾಲೇಲಿರ್ಬೇಕು. ನಾನ್ ಬರ್ಕಂಡೋಗ್ಲೇಬೇಕು."

ಮೇಘನಳ ಮುಖ ಕೆಂಪಾಯಿತು. ಯಾರು ಹೇಳಿದರೆಂದು ಅವಳು ಕೇಳಲಿಲ್ಲ, ಚೈತ್ರಳ ಕಡೆ ತಿರುಗಿಯೂ ನೋಡಲಿಲ್ಲ. ಒಳಗೆ ಹೋಗಿ ಒಂದು ತೆಕ್ಕೆ ನೋಟ್‌ಬುಕ್ಕು ತಂದು ಮೇಷ್ಟ್ರ ಮುಂದೆ ಇಟ್ಟಳು. "ನೀವೇ ಕೇಳಿ ಸಾರ್, ಏನ್ ಬೇಕಾದ್ರೂ."

ಮೇಷ್ಟ್ರು ಮಕ್ಕಳಿಬ್ಬರಿಗೂ ಒಂದೇ ಲೆಕ್ಕ ಹಾಕಿದರು. ಒಂದೆಕರೆ ಕಬ್ಬು. ಮುಕ್ಕಾಲು ಪಾಲು ಕಡಿದಾಯಿತು. ಉಳಿದದ್ದರಲ್ಲಿ ಅರ್ಧ ಕಡಿದರೆ ಇನ್ನೆಷ್ಟು ಉಳಿಯಿತು? ಮಾನಸ ಎದ್ದು ನಿಂತು ಕೈ ಕಟ್ಟಿ, "ಕೂಡೋ ಲೆಕ್ಕಾನಾ ಕಳಿಯೋ ಲೆಕ್ಕಾನಾ ಸಾರ್?" ಎಂದಳು. ಅನು ಗೋಡೆಯ ಕಡೆ ಮುಖ ಮಾಡಿಕೊಂಡು, ಕೇಳಿಸಿತೋ ಇಲ್ಲವೋ ಎನ್ನುವ ದನಿಯಲ್ಲಿ, "ಐದು ಗುಂಟೆ" ಎಂದಳು. ಚೈತ್ರಳ ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಮುರಿದು ಎರಡಾಯಿತು.

ಮೇಷ್ಟ್ರು ತಲೆದೂಗಿದರು. "ಲೆಕ್ಕ ಸರಿಯಾಗದೆ. ಆದ್ರೆ ಮುಖ ನೋಡ್ ಮಾತಾಡಕಿಲ್ವಲ್ಲ ತಾಯಿ?" ಎಂದು ಅನುವಿನ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತರು. "ನೀನೇಳು. ಸ್ಕೂಲಿಗೆ ಬತ್ತೀಯ?"

ಮೇಘನ ನಗುತ್ತಲೇ ಇದ್ದಳು. ಉತ್ತರ ಗೊತ್ತಿದ್ದವರ ನಗು ಅದು.

"ಬತ್ತೀನಿ" ಎಂದಳು ಅನು.

ಆಮೇಲೆ ಗೋಡೆಗೆ ಹೇಳಿದಳು. "ಅಮ್ಮ ನಾನು ಇಬ್ರೇ ಆದ್ರೆ ಖೊಖೊ ಆಡಕಾಗಲ್ಲ."

ಮೇಘನ ನೋಟ್‌ಬುಕ್ಕುಗಳನ್ನು ಒಂದೊಂದಾಗಿ ಜೋಡಿಸತೊಡಗಿದಳು. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು. ಐದು ವರ್ಷ ಹಗಲಿಡೀ ಜೊತೆಗಿದ್ದ ಮಗಳಿಗೆ ಈ ಆಸೆ ಇತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಚೈತ್ರಳಿಗೆ ಒಳಗೆ ತಣ್ಣಗಾಯಿತು. ಆಗಲಿ, ಇವಳಿಗೂ ಗೊತ್ತಾಗಲಿ, ಮಕ್ಕಳು ಎಲ್ಲವನ್ನೂ ಅವ್ವಂದಿರಿಗೆ ಹೇಳುವುದಿಲ್ಲವೆಂದು. ತಾನು ಹೇಳಿದ್ದು ಸುಳ್ಳಾದರೂ ಆದದ್ದು ಒಳ್ಳೆಯದೇ ತಾನೆ ಎಂದು ತನಗೆ ತಾನೇ ಮಾಫಿಯನ್ನೂ ಕೊಟ್ಟುಕೊಂಡಳು.

ಅಷ್ಟರಲ್ಲಿ ಮಾನಸ ಮೇಘನಳ ಹತ್ತಿರ ಸರಿದಳು.

"ಚಿಕ್ಕಮ್ಮ, ಅನು ಸ್ಕೂಲಿಗೋದ್ರೆ ನೀವು ಸುಮ್ನೆ ತಾನೆ ಇರ್ತೀರ? ನಾನ್ ಬರ್ಲಾ ಅವ್ಳ್ ಬದ್ಲು?"

ಮೇಘನ ಆಗ ಮೊದಲ ಸಲ ಚೈತ್ರಳ ಮುಖ ನೋಡಿದಳು. ಕೋಪದ ನೋಟವಾಗಿದ್ದರೆ ಚೈತ್ರ ಕಾಲು ಕೆರೆದು ಜಗಳ ತೆಗೆದು ಗೆಲ್ಲುತ್ತಿದ್ದಳು. ಅದು ಕೋಪವಾಗಿರಲಿಲ್ಲ. ಮೇಘನ ಮಾನಸಳ ತಲೆ ನೇವರಿಸಿ, "ನಿಮ್ಮಮ್ಮುನ್ ಕೇಳವ್ವ" ಎಂದಳು.

"ಅಮ್ಮ ಬ್ಯಾಡ ಅಂತಾಳೆ. ಅದ್ಕೇ ನಿಮ್ನ ಕೇಳಿದ್ದು."

ಮೇಷ್ಟ್ರು ಕೆಮ್ಮಿ ರಿಜಿಸ್ಟರು ಬಿಡಿಸಿದರು. ಚೈತ್ರ ಸೊಪ್ಪನ್ನು ಅಲ್ಲೇ ಬಿಟ್ಟು ಮಗಳ ಕೈ ಹಿಡಿದು ಎಬ್ಬಿಸಿದಳು. ಹುಡುಗಿ ಜಗ್ಗಾಡಿದ್ದರೆ, ಅತ್ತು ರಂಪ ಮಾಡಿದ್ದರೆ ಎರಡು ಬಿಗಿದು ಎಳೆದುಕೊಂಡು ಹೋಗಬಹುದಿತ್ತು. ಮಾನಸ ಪ್ರಾರ್ಥನೆಯ ಸಾಲಿನಲ್ಲಿ ನಡೆಯುವವಳಂತೆ ತೆಪ್ಪಗೆ ಹಿಂದೆ ಬಂದಳು. ನಾಲ್ಕು ವರ್ಷದ ಶಾಲೆ ಅಷ್ಟನ್ನು ಚೆನ್ನಾಗಿ ಕಲಿಸಿತ್ತು.

ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಚೈತ್ರ ಮಗಳನ್ನು ಎದುರಿಗೆ ಕೂರಿಸಿಕೊಂಡಳು. ಗೋಡೆಯಾಚೆ ಕೇಳಬಾರದೆಂದು ದನಿ ತಗ್ಗಿಸಿದಳು.

"ಅಲ್ಲೇನದೆ ಅಂತ? ನಿನ್ಗೆ ನಾನೇನ್ ಕಮ್ಮಿ ಮಾಡೀನಿ?"

ಮಾನಸ ಯೋಚಿಸಿದಳು. ಪರೀಕ್ಷೆಗೆ ಉತ್ತರ ನೆನೆಸಿಕೊಳ್ಳುವ ಹಾಗಲ್ಲ, ನಿಜವಾಗಿಯೇ ಯೋಚಿಸಿದಳು.

"ನಾನ್ ತಪ್ಪೇಳಿದ್ರೆ ಚಿಕ್ಕಮ್ಮ ನಕ್ಬುಟ್ಟು, ಎಂಗ್ ಬಂತವ್ವ ಇದು ಅಂತ ಕೇಳ್ತಾರೆ. ನೀನು, ಅನುಗ್ ಬಂದದಾ ಇದು, ಅಂತ ಕೇಳ್ತೀಯ."

ಚೈತ್ರ ಬಾಯಿ ತೆರೆದಳು. ಇದನ್ನ ನಿನ್ಗೆ ಅನು ಹೇಳ್ಕೊಟ್ಲಾ ಎಂಬ ಮಾತು ಆಗಲೇ ಅವಳ ನಾಲಿಗೆಯ ತುದಿಗೆ ಬಂದು ನಿಂತಿತ್ತು.