ಗುಣವತಿ ಬಾಯಿಯ ಮುಖ

ಭಾಗವ್ವ ಅಂಗೈ ತುಂಬ ಪೌಡರು ಸುರಿದುಕೊಂಡು, ತಮ್ಮನ ಹೆಂಡತಿಯ ಗಲ್ಲಕ್ಕೆ ಮತ್ತೊಮ್ಮೆ ತಟ್ಟಿದಳು. ಲಿಂಗಾಯತರ ಪದ್ಧತಿಯಂತೆ ಗುಣವತಿಯ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಸಿರು ಸೀರೆ, ಕೈತುಂಬ ಬಳೆ, ಕೊರಳಿಗೆ ಹಾರ. ಮುಖ ಮಾತ್ರ ಯಾರದೋ.

“ಸಾಕು ಬಿಡ್ರಿ ಅತ್ತಿ,” ಎಂದಳು ಪೂಜಿತಾ. ಅವ್ವ ಹೋದಳೆಂಬ ಫೋನು ಬಂದದ್ದೇ ನಾಸಿಕ್‌ನಿಂದ ಬಸ್ಸು ಹತ್ತಿ ಸಂಭಾಜಿನಗರಕ್ಕೆ ಓಡಿ ಬಂದಿದ್ದಳು.

“ಸುಮ್ನಿರವ್ವ. ಮುತ್ತೈದಿ ಹೊಂಟಾಳ. ಊರಿಂದ ಮಂದಿ ಬರ್ತಾರ, ಬೆಳ್ಳಗ ಕಾಣ್ಲಿ ಪಾಪ.”

ಭಾಗವ್ವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ದೊಡ್ಡ ತಾಪತ್ರಯ. ಗುಣವತಿಯ ಮದುವೆಯ ದಿನವೂ ಇದೇ ಪ್ರೀತಿಯಿಂದ ಬಳಿದಿದ್ದಳು. ಆಮೇಲೆ ಕೂಸು ಪೂಜಿತಾಳನ್ನೂ ಬಿಟ್ಟಿರಲಿಲ್ಲ. ಅಪ್ಪ ಬಸವಕುಮಾರ ಬ್ಯಾಂಕಿನಲ್ಲಿ ಗುಡುಗುತ್ತಿದ್ದ ಮ್ಯಾನೇಜರು, ಅಕ್ಕನೆದುರು ಮಾತ್ರ ಬೆಕ್ಕಿನ ಮರಿ. ಈಗಲೂ ಮೂಲೆಯಲ್ಲಿ ನೆಲ ನೋಡುತ್ತ ಕುಳಿತಿದ್ದ. ಸತ್ತ ಮನೆಯಲ್ಲಿ ಜಗಳ ಬೇಡವೆಂದು ಪೂಜಿತಾ ತುಟಿ ಕಚ್ಚಿಕೊಂಡಳು. ಆದರೆ ಅವ್ವನನ್ನು ಈ ಮುಖ ಹೊರಿಸಿ ಮಣ್ಣಿಗೆ ಕಳಿಸುವುದು ಹೇಗೆ?

*

ಮರಾಠಿ ಶಾಲೆಯ ಒಂಬತ್ತನೇ ತರಗತಿಯಲ್ಲಿ ಪೂಜಿತಾಳಿಗೆ ಜೀವಶಾಸ್ತ್ರ ಕಲಿಸುತ್ತಿದ್ದವಳು ಅವ್ವನೇ. ಹಿಂದಿನ ಬೆಂಚಿನವರು “ಕಾಳಿ ಬಾಯಿ”, ಅಂದರೆ ಕರಿ ಟೀಚರು, ಎಂದು ಪಿಸುಗುಟ್ಟಿದರೆ, ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು ಮಗಳಿಗೆ. ಒಂದು ದಿನ ಅವ್ವ ಎರಡು ಗಾಜಿನ ನಳಿಕೆಗಳಲ್ಲಿ ರಕ್ತ ತಂದು ಮೇಜಿನ ಮೇಲೆ ನಿಲ್ಲಿಸಿದಳು. ಕೆಂಪು ತಳಕ್ಕೆ ಕೂತು, ಮೇಲೆ ಹಳದಿ ನೀರು ನಿಂತಿತ್ತು.

“ಒಂದು ನನ್ನದು, ಒಂದು ನಮ್ಮ ಬೆಳ್ಳನೆಯ ಯಜಮಾನರದು. ಯಾವುದು ಯಾರದು ಹೇಳಿ ನೋಡೋಣ?” ಎಂದು ಮರಾಠಿಯಲ್ಲಿ ಕೇಳಿದಳು. ತರಗತಿಯೆಲ್ಲ ಕಣ್ಣು ಕಣ್ಣು ಬಿಟ್ಟಿತು.

ಆಮೇಲೆ ಅಮೆರಿಕದ ಕಪ್ಪು ವೈದ್ಯ ಚಾರ್ಲ್ಸ್ ಡ್ರೂ ಅವರ ಕತೆ ಹೇಳಿದಳು. ಈ ಹಳದಿ ದ್ರವವನ್ನು, ಪ್ಲಾಸ್ಮಾವನ್ನು, ಕೆಡದಂತೆ ಕೂಡಿಟ್ಟು, ಯುದ್ಧಕಾಲದಲ್ಲಿ ದೂರದೂರಕ್ಕೆ ಕಳಿಸುವ ವ್ಯವಸ್ಥೆ ಕಟ್ಟಿದವರು. ಎಷ್ಟೋ ಜೀವ ಉಳಿದವು. ಆದರೂ ಅವರದೇ ದೇಶದ ಸೈನ್ಯ ಕಪ್ಪು ಜನರ ರಕ್ತವನ್ನು ಬೇರೆ ಇಡಿಸಿತು! ಮುಂದಿನ ವಾರ, ಅಂಡಾಣುವಿನ ಹೊರಪದರದ ಕೆಲಸವನ್ನು ತೋರಿಸಿಕೊಟ್ಟ ಇನ್ನೊಬ್ಬ ಕಪ್ಪು ವಿಜ್ಞಾನಿ ಅರ್ನೆಸ್ಟ್ ಜಸ್ಟ್ ಅವರ ಕತೆ. ಪಠ್ಯದಲ್ಲಿಲ್ಲದ್ದು ಯಾಕೆ ಎಂದು ಹೆಡ್‌ಮಾಸ್ತರರು ಗೊಣಗಿದರೆ, “ಪಠ್ಯದಲ್ಲಿ ಇಲ್ಲ ಅಂತಲೇ ಕಲಿಸುತ್ತಿದ್ದೇನೆ ಸರ್,” ಎಂದಳಂತೆ. ಅಂದಿನಿಂದ ಪೂಜಿತಾ ಪೌಡರು ಮುಟ್ಟಲಿಲ್ಲ.

*

ಬಾಗಿಲಲ್ಲಿ ಯಾರೋ ಕೆಮ್ಮಿದರು. ಅವ್ವನ ಹಳೆಯ ವಿದ್ಯಾರ್ಥಿ ವೈಜನಾಥ. ಈಗ ಗಂಗಾಪುರದ ರಕ್ತನಿಧಿಯಲ್ಲಿ ಕೆಲಸ. ಹಾರ ಹಿಡಿದು ಒಳಗೆ ಇಣುಕಿದವನು, ಕೂರಿಸಿದ್ದ ದೇಹದ ಮುಖ ನೋಡಿ ಹಿಂದೆ ಸರಿದ.

“ಮಾಫ್ ಕರಾ, ಮನೆ ತಪ್ಪಿತು,” ಎಂದ ಮರಾಠಿಯಲ್ಲಿ. “ಗುಣವತಿ ಬಾಯಿಯ ಮನೆ ಯಾವುದು?”

ಪೂಜಿತಾ ಎದ್ದು ನಿಂತಳು.

“ಇದೇ ಮನಿ!” ಅವನಿಗೆ ಕನ್ನಡ ಬಾರದೆಂಬುದೂ ಪೂಜಿತಾಳಿಗೆ ಮರೆತುಹೋಗಿತ್ತು. ದಡಬಡ ಒಳಗೆ ಹೋಗಿ, ತಂಬಿಗೆ ನೀರು, ಬಟ್ಟೆ ತಂದು ಅವ್ವನೆದುರು ಕೂತಳು.

“ಮಂದಿ ಏನಂತಾರ, ಹುಡುಗಿ?” ಎಂದಳು ಭಾಗವ್ವ.

“ಯಕ್ಕಾ, ನೀ ಅತ್ತಾಗ ಸರಿ.” ಬಸವಕುಮಾರ ಎದ್ದು ಬಂದ. “ಅಕಿ ಹೆಂಗ ಇದ್ಲೋ ಹಂಗ ಹೋಗ್ಲಿ.”

ವಾಲುತ್ತಿದ್ದ ಹೆಂಡತಿಯ ತಲೆಯನ್ನು ಅವನು ಎರಡೂ ಕೈಗಳಲ್ಲಿ ಹಿಡಿದ. ಪೂಜಿತಾ ಹಣೆ ಒರೆಸಿದಳು, ಮೂಗು ಒರೆಸಿದಳು. ಅವ್ವ ಮೆಲ್ಲಗೆ ಕಾಣತೊಡಗಿದಳು. ವೈಜನಾಥ ಚಪ್ಪಲಿ ಬಿಟ್ಟು ಒಳಗೆ ಬಂದು, “ಬಾಯಿ...” ಎಂದು ಬಿಕ್ಕಿದ.

ಹಸಿರು ಸೀರೆ ಕಲೆಯಾದೀತೆಂದು ಭಾಗವ್ವ ತನ್ನ ಸೆರಗನ್ನೇ ಗದ್ದದ ಕೆಳಗೆ ಒಡ್ಡಿದಳು. ಬಿಳಿ ನೀರು ತೊಟ್ಟುತೊಟ್ಟಾಗಿ ಅದರೊಳಗೆ ಇಳಿಯುತ್ತಿತ್ತು.