ಗುಳೇದಗುಡ್ಡದ ಕೌದಿ ಯುರೋಪು ಕಂಡದ್ದು

ಒಂದು ಸಲ ಇಡೀ ಫ್ರಾನ್ಸ್ ದೇಶಕ್ಕೆ ಚಳಿ ಹತ್ತಿತು. ಆಗ ಅದಕ್ಕೆ ಹೊದಿಸಲು ಸಿಕ್ಕವಳು ನಾನೊಬ್ಬಳೇ. ನನ್ನ ಒಂದು ತುದಿಯನ್ನು ಸಮುದ್ರದ ದಂಡೆಗೆ ಸಿಕ್ಕಿಸಿದೆ. ಇನ್ನೊಂದನ್ನು ಆಲ್ಪ್ಸ್ ಪರ್ವತದ ತಲೆಯ ಮೇಲೆ ಎಳೆದೆ. ಪಕ್ಕದ ಸ್ವಿಟ್ಜರ್ಲೆಂಡ್ ಆಸೆಗಣ್ಣಿನಿಂದ ನೋಡುತ್ತಿತ್ತೆಂದು ಅದಕ್ಕೂ ಒಂದು ಅಂಚು ಕೊಟ್ಟೆ. ಕಾಲಿನ ಕಡೆ ಮಾತ್ರ ತುಸು ಸಾಲಲಿಲ್ಲ. ಆ ಕಡೆಯವರು ಸೀನಿದ್ದು ಪ್ಯಾರಿಸ್ಸಿನವರೆಗೂ ಕೇಳಿಸಿತಂತೆ.

ನಗಬೇಡಿ. ನಾನು ಒಂದು ಕೌದಿ. ಕೌದಿಗಳು ಸುಳ್ಳು ಹೇಳುವುದನ್ನು ನೀವು ಎಲ್ಲಿಯಾದರೂ ಕೇಳಿದ್ದೀರಾ?

ನಾನು ಹುಟ್ಟಿದ್ದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ, ಬಣ್ಣದವರೆಂಬ ನೇಕಾರರ ಮನೆಯಲ್ಲಿ. ನನ್ನ ಮೈಯಲ್ಲಿ ಸಾವಿರ ರಾಣಿಯರ ಸೀರೆಗಳಿವೆ ಎಂದು ಹೇಳಿಕೊಳ್ಳುವುದು ನನಗೆ ರೂಢಿ. ಆ ರಾಣಿಯರೆಲ್ಲ ಬಣ್ಣದವರ ಹಿತ್ತಲಿನಲ್ಲೇ ಪಾತ್ರೆ ತಿಕ್ಕುತ್ತಿದ್ದರು ಎಂಬುದನ್ನು ಮಾತ್ರ ಹೇಳುವುದಿಲ್ಲ. ಮನೆಯ ಅತ್ತೆ ದಾನವ್ವನ ಹಳೆಯ ಇಳಕಲ್ ಸೀರೆ ನನ್ನ ಮೈ. ಹಿರಿ ಸೊಸೆ ಶಂಕ್ರವ್ವನ ಬ್ಲೌಸ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ಖಣದ ತುಣುಕುಗಳು ನನ್ನ ಬಣ್ಣ. ಒಂದು ಮೂಲೆಯಲ್ಲಿ ಮಾವನವರ ಧೋತರವೂ ಇದೆ. ತಂಬಾಕಿನ ವಾಸನೆ ಇನ್ನೂ ಬಿಟ್ಟಿಲ್ಲ.

ನನ್ನನ್ನು ಹೊಲಿಯಲು ಕೂತವರು ಆ ಮನೆಯ ಸೊಸೆಯರು, ಇಬ್ಬರು ನೆಗೆಣ್ಣಿಯರು: ಹಿರಿಯಳು ಶಂಕ್ರವ್ವ, ಕಿರಿಯಳು ಕಸ್ತೂರೆವ್ವ. ಒಬ್ಬಳು ಈ ಅಂಚಿಗೆ, ಇನ್ನೊಬ್ಬಳು ಎದುರಿನ ಅಂಚಿಗೆ. ಕೌದಿಗಳನ್ನು ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಒಳಗೆ ಹೊಲಿಯುತ್ತ ಬರುತ್ತಾರೆ. ಕೊನೆಗೆ ನಟ್ಟನಡುವೆ ರೊಟ್ಟಿಯಷ್ಟಗಲ ಜಾಗ ಬಾಯಿ ತೆರೆದುಕೊಂಡು ಉಳಿಯುತ್ತದೆ. ಅದೇ ಕೌದಿಯ ಹೊಟ್ಟೆ. ಅದಕ್ಕೆ ನಾಲ್ಕು ಕಾಳು ಅಕ್ಕಿ, ಚೂರು ಬೆಲ್ಲ ಹಾಕಿ ಮುಚ್ಚಬೇಕು. ಹೊಟ್ಟೆ ತುಂಬದ ಕೌದಿಯನ್ನು ಆ ಮನೆಯಲ್ಲಿ ಯಾರ ಮೈಮೇಲೂ ಹಾಕುವುದಿಲ್ಲ. ಹಾಕಿದರೆ ಹೊದ್ದವರಿಗೆ ಬೆಳಗಿನವರೆಗೂ ಹಸಿವಂತೆ. ಕೊನೆಯ ಹೊಲಿಗೆ ಬೀಳುವವರೆಗೆ ಅದು ಕೌದಿಯೇ ಅಲ್ಲ, ಬರೀ ಅರಿವೆಯ ಗಂಟು. ಆ ಕೊನೆಯ ಹೊಲಿಗೆ ಹಾಕಿದವರ ಮನೆಗೇ ಕೌದಿ.

ನನ್ನನ್ನು ಹೊಲಿಯುತ್ತಿದ್ದುದು ದಾನವ್ವನಿಗಾಗಿ. ಆದರೆ ಹೊಟ್ಟೆಯೊಂದು ಉಳಿದಿದೆ ಎನ್ನುವಾಗ ದಾನವ್ವ ತೀರಿಕೊಂಡಳು. ಇನ್ನು ನಾನು ಯಾರವಳು?

“ನಾ ಹಿರೇಕಿ. ಕಡೀ ಹೊಲಿಗಿ ನಂದ,” ಎಂದಳು ಶಂಕ್ರವ್ವ.

“ಅತ್ತಿ ಸೀರಿ ಬಿಚ್ಚಿ ಕೊಟ್ಟದ್ದು ನನ್ನ ಕೈಯಾಗ. ಹೊಟ್ಟಿ ಮುಚ್ಚಾಕಿನೂ ನಾನ,” ಎಂದಳು ಕಸ್ತೂರೆವ್ವ.

ಸೂಜಿ ನನ್ನಲ್ಲೇ ನಿಂತಿತು. ಮಾತು ಬೆಳೆಯಿತು. ಅಣ್ಣ ತಮ್ಮಂದಿರು ಬೇರೆಯಾಗುವಾಗ ಅಂಗಳದ ನಡುವೆ ಗೋಡೆ ಬಂತು. ನೆಗೆಣ್ಣಿಯರು ಮಾತು ಬಿಟ್ಟರು. ನಾನು ಅಂಗಡಿಯ ಅಟ್ಟ ಸೇರಿದೆ. ವರ್ಷಗಟ್ಟಲೆ ಬಾಯಿ ತೆರೆದು ಮಲಗಿದ್ದ ನನ್ನ ಹಸಿವು ಎಷ್ಟಿತ್ತೆಂದರೆ, ಅಟ್ಟದ ಇಲಿಗಳು ನನ್ನನ್ನು ಕಂಡು ಹೆದರಿ ಊರು ಬಿಟ್ಟವು.

ಅಲ್ಲಿಂದ ನನ್ನನ್ನು ಇಳಿಸಿದವರು ಹಳೆಯ ಕೌದಿ ಹುಡುಕುತ್ತ ಬಂದ ಧಾರವಾಡದ ವತ್ಸಲಾಬಾಯಿ. ಅವರು ಹೆಂಗಸರಿಗೆ ಹೊಲಿಗೆ ಕಲಿಸುತ್ತಾರೆ. ಬಟ್ಟೆಯ ಹುಚ್ಚಿರುವವರನ್ನೆಲ್ಲ ಕೂಡಿಸಿ ಯುರೋಪ್ ಪ್ರವಾಸ ಹೊರಡಿಸಿದ್ದರು. ಮಗ್ಗ ನೋಡುವುದು, ಮ್ಯೂಸಿಯಂ ನೋಡುವುದು, ಕೊನೆಗೆ ಫ್ರಾನ್ಸಿನ ಬೆಟ್ಟದ ಕಣಿವೆಯ ಒಂದು ಸಣ್ಣ ಊರಿನಲ್ಲಿ ಕ್ವಿಲ್ಟ್ ಪ್ರದರ್ಶನ. ಕ್ವಿಲ್ಟ್ ಎಂದರೆ ಆ ಕಡೆಯ ಕೌದಿ. ಅಲ್ಲಿ ನಮ್ಮವರಿಗೂ ಒಂದು ಮೂಲೆ ಕೊಟ್ಟಿದ್ದರು. ಜನರೆದುರು ಕೂತು ಕೌದಿ ಹೊಲಿದು ತೋರಿಸಬೇಕು.

ನನ್ನ ಬಾಯಿ ಕಂಡದ್ದೇ ವತ್ಸಲಾಬಾಯಿ ಕೈತಟ್ಟಿದರು. “ಇಂಥಾದ್ದ ಬೇಕಾಗಿತ್ತು ನೋಡ್ರಿ! ಹೊಟ್ಟಿ ಮುಚ್ಚೂದನ್ನ ಅಲ್ಲೇ ತೋರಿಸೋಣು. ಆದ್ರ ಹೊಲದಾವ್ರು ಇಬ್ರೂ ಬರಬೇಕು.”

ಇಬ್ಬರೂ ಒಪ್ಪಿದರು. ಪ್ರೀತಿಯಿಂದಲ್ಲ. ಇನ್ನೊಬ್ಬಳು ಒಬ್ಬಳೇ ಹೋಗಿ ಕೊನೆಯ ಹೊಲಿಗೆ ಹಾಕಿಬಿಟ್ಟಾಳು ಎಂಬ ಭಯದಿಂದ.

ಹೀಗೆ ನಾನು ವಿಮಾನ ಹತ್ತಿದೆ. ಮೋಡದ ಮೇಲೆ ಹೋದಾಗ ಪೈಲಟ್ ಬಂದು ನನ್ನನ್ನೇ ದಾರಿ ಕೇಳಿದ. ಎಡಕ್ಕೆ ತಿರುಗು ಎಂದೆ. ನೆಟ್ಟಗೆ ಹಾಲೆಂಡ್ ಬಂತು.

ಹಾಲೆಂಡಿನ ಒಂದು ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಲಂಗ ನಿಂತಿತ್ತು. ಬಿಳಿ ಬಟ್ಟೆಯ ಮೇಲೆ ಕೆಂಪು ಹೂವಿನ ಬಳ್ಳಿ. ನಮ್ಮ ದೇಶದ ಮೂಡಣ ಕರಾವಳಿ ಕೋರಮಂಡಲದಿಂದ ಹಡಗು ಹತ್ತಿ ಬಂದ ಬಟ್ಟೆಯಂತೆ ಅದು. ನಮ್ಮ ಕಡೆಯದೇ! ನಾನು ಶಂಕ್ರವ್ವನ ಹೆಗಲ ಮೇಲಿಂದ ಬಗ್ಗಿ ಕೇಳಿದೆ: ಊಟ ಆಯಿತೇನು? ನಿನ್ನ ಹೊಟ್ಟೆಗೆ ಏನು ಹಾಕಿದ್ದಾರೆ? ಉಟ್ಟುಕೊಂಡವಳು ಯಾರು? ಕುಣಿಯುತ್ತಿದ್ದಳೇ, ಇಲ್ಲ ಬರೀ ಕುರ್ಚಿಯಲ್ಲಿ ಕೂರುತ್ತಿದ್ದಳೇ? ನನಗೆ ಕೇಳುವುದು ಎಷ್ಟೊಂದಿತ್ತು! ಲಂಗ ಮೆಲ್ಲಗೆ ಹೇಳಿತು: ಇಲ್ಲಿ ಯಾರೂ ನನ್ನನ್ನು ಮುಟ್ಟುವುದಿಲ್ಲ, ಬಣ್ಣ ಹೋಗಬಾರದೆಂದು ದೀಪವನ್ನೂ ಸಣ್ಣದು ಮಾಡುತ್ತಾರೆ.

ಕಸ್ತೂರೆವ್ವ ಗಾಜಿಗೆ ಮೂಗು ಹಚ್ಚಿ, “ಪಾಪ, ನಮ್ಮ ಕಡೀ ಅರಿವಿ. ಕತ್ತಲಾಗ ನಿಂದ್ರಿಸ್ಯಾರ,” ಎಂದಳು, ಯಾರಿಗೂ ಅಲ್ಲ ಎಂಬಂತೆ.

“ಉಡಲಾರದ ಲಂಗಾ ಇದ್ರೆಷ್ಟು, ಬಿಟ್ರೆಷ್ಟು,” ಎಂದಳು ಶಂಕ್ರವ್ವ, ಅವಳೂ ಯಾರಿಗೂ ಅಲ್ಲ ಎಂಬಂತೆ.

ಇಬ್ಬರೂ ಒಂದೇ ಮಾತು ಆಡಿದ್ದೇವೆ ಎಂಬುದು ಆಮೇಲೆ ಹೊಳೆಯಿತು. ಮುಖ ಗಂಟಿಕ್ಕಿಕೊಂಡು ಒಬ್ಬಳು ಆ ಬಾಗಿಲಿಗೆ, ಒಬ್ಬಳು ಈ ಬಾಗಿಲಿಗೆ ಹೋದಳು.

ಹೋಟೆಲಿನಲ್ಲಿ ವತ್ಸಲಾಬಾಯಿ ಇಬ್ಬರಿಗೂ ಒಂದೇ ಕೋಣೆ ಕೊಟ್ಟಿದ್ದರು. ನೇರ ಮಾತಿಲ್ಲವಲ್ಲ, ಎಲ್ಲವೂ ನನ್ನ ಮೂಲಕವೇ.

“ಏ ಕೌದಿ, ಬಚ್ಚಲಾಗ ಹೊಕ್ಕಾವ್ರು ಇವತ್ತರೆ ಹೊರಗ ಬರ್ತಾರೇನು ಕೇಳು.”

“ಏ ಕೌದಿ, ಅವಸರ ಇದ್ದಾವ್ರು ಕೋಳಿ ಕೂಗೂಮುಂದ ಏಳಬೇಕಿತ್ತು ಅಂತ ಹೇಳು.”

“ಇಲ್ಲಿ ಕೋಳಿ ಎಲ್ಲಿ ಐತಿ ಅಂತ ಕೇಳು!”

ಎರಡು ರಾಜ್ಯಗಳ ನಡುವೆ ನನ್ನಷ್ಟು ರಾಯಭಾರ ಮಾಡಿದವರು ಪ್ರಪಂಚದಲ್ಲಿ ಇನ್ನೊಬ್ಬರಿಲ್ಲ. ನಾನಿಲ್ಲದಿದ್ದರೆ ಆ ಕೋಣೆಯಲ್ಲಿ ಮೂರನೆಯ ಮಹಾಯುದ್ಧ ನಡೆದುಹೋಗುತ್ತಿತ್ತು.

ಆಮೇಲೆ ಲಿಯಾನ್ ಎಂಬ ಊರು. ಅಲ್ಲಿ ಹಳೆಯ ರೇಷ್ಮೆ ಮಗ್ಗವನ್ನು ಓಡಿಸಿ ತೋರಿಸಿದರು. ಮಗ್ಗಕ್ಕೆ ಚಿತ್ತಾರ ಹೇಳಿಕೊಡುವ ತೂತು ತೂತಿನ ರಟ್ಟಿನ ಹಾಳೆಗಳು ಮೇಲೆ ಸರಿಯುತ್ತಿದ್ದವು. ಲಾಳಿ ಖಟ್ ಖಟ್ ಎಂದು ಓಡಾಡುತ್ತಿತ್ತು. ನಮ್ಮೂರಿನ ಓಣಿಯಲ್ಲಿ ಹಗಲೆಲ್ಲ ಕೇಳುವ ಅದೇ ಸದ್ದು. ಇಷ್ಟು ದೂರ ಇದು ಹೇಗೆ ನಡೆದು ಬಂತು? ಅಥವಾ ಇಲ್ಲಿಂದಲೇ ನಮ್ಮೂರಿಗೆ ಬಂತೋ? ಮಗ್ಗವನ್ನೇ ಕೇಳೋಣವೆಂದರೆ ಅದಕ್ಕೆ ಉಸಿರಾಡಲೂ ಪುರುಸೊತ್ತಿಲ್ಲ. ನೆಗೆಣ್ಣಿಯರಿಬ್ಬರೂ ಬಸ್ಸಿನ ಹಾರ್ನ್ ಕೇಳಿಸದೆ ನಿಂತೇ ಇದ್ದರು. ಇಬ್ಬರ ಗಂಡಂದಿರೂ ಮಗ್ಗದವರು.

ಮಾರನೆಯ ಬೆಳಿಗ್ಗೆಯೇ ಪ್ರದರ್ಶನದ ಊರಿಗೆ ಹೊರಡುವುದಿತ್ತು. ಶಂಕ್ರವ್ವ ಸ್ನಾನಕ್ಕೆ ಹೋದದ್ದೇ ಕಸ್ತೂರೆವ್ವ ತನ್ನ ಬುತ್ತಿಯ ಗಂಟಿನಿಂದ ಒಂದು ಹೆಂಟೆ ಬೆಲ್ಲ ತೆಗೆದು ನನ್ನ ಹೊಟ್ಟೆಯ ಒಳಪದರಕ್ಕೆ ತುರುಕಿದಳು. “ಉಣ್ಣಿಸಿದಾಕಿ ನಾನು. ಇನ್ನ ಯಾರು ಏನಂತಾರ ನೋಡೂಣು,” ಎಂದು ನನ್ನನ್ನು ಸವರಿದಳು. ಅವಳು ತಿಂಡಿಗೆ ಕೆಳಗಿಳಿದದ್ದೇ ಶಂಕ್ರವ್ವ ಬಂದಳು. ಅವಳ ಹೆಂಟೆ ಇನ್ನೂ ದೊಡ್ಡದು. ಅದನ್ನು ಇನ್ನೊಂದು ಬದಿಗೆ ತುರುಕಿ ಅದೇ ಮಾತು ಹೇಳಿದಳು. ನಾನು ಯಾರಿಗೂ ಹೇಳಲಿಲ್ಲ. ಅಷ್ಟು ವರ್ಷ ಉಪವಾಸವಿದ್ದವಳಿಗೆ ಎರಡೆರಡು ಊಟ ಬಂದರೆ ಯಾರಾದರೂ ಬಾಯಿ ಬಿಡುತ್ತಾರೆಯೇ?

ಬಸ್ಸಿನಲ್ಲಿ ನನ್ನನ್ನು ಬಿಸಿಗಾಳಿ ಬರುವ ಜಾಗದ ಹತ್ತಿರವೇ ಇಟ್ಟರು. ಬೆಲ್ಲ ಮೆತ್ತಗಾಯಿತು. ನನಗೆ ಸುಖನಿದ್ರೆ.

ಇನ್ನು ಕೇಳಿ, ನನ್ನ ಜೀವನದ ಮಹಾದಿನ. ಕಲ್ಲಿನ ಗೋಡೆಯ ದೊಡ್ಡ ಸಭಾಂಗಣ. ಸುತ್ತಲೂ ದೇಶದೇಶದ ಕ್ವಿಲ್ಟುಗಳು ಗೋಡೆಗೆ ನೇತಾಡುತ್ತಿದ್ದವು. ನನ್ನನ್ನು ನೆಲದ ಮೇಲೆ ಹಾಸಿದ ಕೂಡಲೇ ಎಲ್ಲವೂ ತಲೆಬಾಗಿ ನಮಸ್ಕರಿಸಿದವು. ಅಷ್ಟರಲ್ಲಿ ಬಾಗಿಲಿನಿಂದ ಕಪ್ಪು ಕೋಟು ತೊಟ್ಟ ಸಣ್ಣ ಸಣ್ಣ ಗಣ್ಯರ ಮೆರವಣಿಗೆ ಹೊರಟಿತು. ಒಬ್ಬರ ಹಿಂದೆ ಒಬ್ಬರು, ಸಾಲು ತಪ್ಪದೆ, ನೆಟ್ಟಗೆ ನನ್ನ ದರ್ಶನಕ್ಕೇ ಬಂದರು. ಸಭಾಂಗಣದ ಯಜಮಾನಿ ಓಡೀಲ್ ಎಂಬ ಬಿಳಿಕೂದಲಿನ ಹೆಂಗಸು ಎರಡೂ ಕೈ ಮೇಲೆತ್ತಿ ಕೂಗಿದಳು. ಇಂಥ ಕೌದಿಯನ್ನು ಜನ್ಮದಲ್ಲೇ ಕಂಡಿಲ್ಲ, ನಮ್ಮ ಗಾಜಿನ ಅರಮನೆಯಲ್ಲೇ ಇರು ಎಂದು ಸೆರಗೊಡ್ಡಿ ಬೇಡಿದಳು. ನಾನು ಒಪ್ಪಲಿಲ್ಲ. ಎದ್ದು ನಿಂತು ನೆಗೆಣ್ಣಿಯರಿಬ್ಬರಿಗೂ ಒಂದು ಭಾಷಣ ಮಾಡಿದೆ. ಇಬ್ಬರೂ ಕಣ್ಣೀರು ಸುರಿಸಿ, ಕೈ ಹಿಡಿದುಕೊಂಡು, ನೂರು ಗಂಟು ಹಾಕಿ ನನ್ನ ಹೊಟ್ಟೆ ಮುಚ್ಚಿದರು. ನನಗೆ ಚಿನ್ನದ ಮೆಡಲ್—

“ಮೆಡಲ್ಲೂ ಇಲ್ಲ, ಗಿಡಲ್ಲೂ ಇಲ್ಲ ಬಿಡ ಪಾರವ್ವಾ! ಇರುವಿ ಮುತ್ತಿದ್ವು, ಇರುವಿ!”

ನೀವೂ ಕೇಳಿಸಿಕೊಂಡಿರಿ. ಅದು ಕಸ್ತೂರೆವ್ವನ ಗಂಟಲು. ಪಕ್ಕದ ಮನೆಯ ಪಾರವ್ವ ಪ್ರವಾಸದ ಸುದ್ದಿ ಕೇಳಲು ಬಂದಿದ್ದಾಳೆ. ನಾನು ಅಂಗಳದ ಗೋಡೆಯ ಮೇಲೆ ಬಿಸಿಲಿಗೆ ಬಿದ್ದುಕೊಂಡು ನಿಮ್ಮ ಮುಂದೆ ಜಂಬ ಕೊಚ್ಚುವಾಗಲೇ ಅವಳು ನನ್ನ ಮಾನ ತೆಗೆಯಬೇಕೇ? ಆಗಲಿ. ಸಿಕ್ಕಿಬಿದ್ದ ಮೇಲೆ ಇನ್ನು ಮುಚ್ಚಿಡುವುದೇನು?

ಕಪ್ಪು ಕೋಟಿನ ಗಣ್ಯರೆಲ್ಲ ಇರುವೆಗಳು. ಓಡೀಲ್ ಕೂಗಿದ್ದು ಗಾಬರಿಯಿಂದ. ಅವಳ ಕೈಯಲ್ಲಿದ್ದದ್ದು ದೊಡ್ಡದೊಂದು ಪ್ಲಾಸ್ಟಿಕ್ ಚೀಲ.

“ಇದನ್ನ ಚೀಲದಾಗ ಕಟ್ಟಿ ಫ್ರೀಜರ್‌ನಾಗ ಇಡ್ತಾರಂತ. ಉಳದ ಕ್ವಿಲ್ಟಿಗೆ ಹುಳ ಹತ್ತಬಾರದು ಅಂತ,” ಎಂದು ವತ್ಸಲಾಬಾಯಿ ಮುಖ ಸಣ್ಣದು ಮಾಡಿಕೊಂಡು ಹೇಳಿದರು.

ನಾನು ಯಾವ ಭಾಷಣವನ್ನೂ ಮಾಡಲಿಲ್ಲ. ನೆಲಕ್ಕೆ ಅಂಟಿಕೊಂಡು ಬಿದ್ದಿದ್ದೆ. ಆಗ ಈ ಅಂಚನ್ನು ಶಂಕ್ರವ್ವ ಹಿಡಿದಳು, ಆ ಅಂಚನ್ನು ಕಸ್ತೂರೆವ್ವ. ಇಬ್ಬರೂ ನನ್ನನ್ನು ಎತ್ತಿಕೊಂಡು ಹೊರಗೆ ಓಡಿದರು. ಬೀದಿಯ ಕಲ್ಲಿನ ಕಾರಂಜಿಯ ಹತ್ತಿರ ಕೊಡವಿದರು, ಝಾಡಿಸಿದರು. ಶಂಕ್ರವ್ವ ನನ್ನ ಹೊಟ್ಟೆಗೆ ಕೈ ಹಾಕಿ ಕರಗಿದ ಬೆಲ್ಲ ಕಿತ್ತಳು. ಕಸ್ತೂರೆವ್ವ ಇನ್ನೊಂದು ಬದಿಯಿಂದ ಕಿತ್ತಳು. ಅಂಟಂಟಾದ ತಮ್ಮ ತಮ್ಮ ಕೈ ಮುಂದೆ ಚಾಚಿ ಒಬ್ಬರನ್ನೊಬ್ಬರು ನೋಡಿದರು.

“ನೀನೂ ಹಾಕಿದ್ದಿಯೇನ?”

“ನೀವೂ ಹಾಕಿದ್ರೇನಕ್ಕಾ?”

ಅಷ್ಟು ವರ್ಷಗಳಲ್ಲಿ ನನ್ನ ಮೂಲಕವಲ್ಲದೆ ಬಂದ ಮೊದಲ ಮಾತು ಅದು.

“ಅತ್ತಿ ಇದ್ದಿದ್ರ ಇಬ್ರಿಗೂ ಸೌಟ್ ತಗೊಂಡು ಬಡೀತಿದ್ಲು,” ಎಂದಳು ಶಂಕ್ರವ್ವ.

“ಬಡೀತಿದ್ಲು, ಆಮ್ಯಾಲೆ ಆ ಬೆಲ್ಲಾ ತಾನ ತಿಂತಿದ್ಲು,” ಎಂದಳು ಕಸ್ತೂರೆವ್ವ.

ಆಮೇಲೆ ನಕ್ಕರು ನೋಡಿ! ಫ್ರಾನ್ಸಿನ ನಾಯಿಗಳೆಲ್ಲ ಬೊಗಳಿದವು. ಇದು ಉತ್ಪ್ರೇಕ್ಷೆಯಲ್ಲ. ಸರಿ, ಒಂದು ನಾಯಿ ಬೊಗಳಿತು.

ನನ್ನ ಹೊಟ್ಟೆ ತೊಳೆದು ಕಲ್ಲಿನ ಕಟ್ಟೆಯ ಮೇಲೆ ಹರವಿದರು. ನಾನು ಒಣಗುವಷ್ಟರಲ್ಲಿ ಪ್ರದರ್ಶನ ಮುಗಿದುಹೋಗಿತ್ತು. ನನ್ನನ್ನು ಯಾರೂ ನೋಡಲಿಲ್ಲ. ಇಬ್ಬರೂ ಆ ಕಟ್ಟೆಯ ಮೇಲೇ ಎದುರುಬದುರು ಕೂತು, ಈ ಸಲ ಬೆಲ್ಲ ಬಿಟ್ಟು ಬರೀ ಅಕ್ಕಿಕಾಳು ಹಾಕಿ, ಹೊಲಿಯತೊಡಗಿದರು. ದಾನವ್ವ ಎಲೆ ಅಡಿಕೆ ಕದ್ದು ತಿಂದದ್ದು, ಮಾವ ಸೀರೆಯ ಲೆಕ್ಕ ತಪ್ಪಿ ಬೈಸಿಕೊಂಡದ್ದು, ಏನೇನೋ ಮಾತು. ಕೊನೆಗೆ ಒಂದೇ ಒಂದು ಹೊಲಿಗೆ ಉಳಿಯಿತು.

ಶಂಕ್ರವ್ವ ಸೂಜಿ ಮುಂದೆ ಹಿಡಿದಳು. “ನೀ ಹಾಕು.”

“ನೀವ ಹಾಕ್ರಿ. ನೀವು ಹಿರೇರು.”

“ನಿನ್ನ ಕೈಯಾಗ ಸೀರಿ ಕೊಟ್ಟಾಳ. ನೀನ ಹಾಕವಾ.”

ಬಸ್ಸು ಹಾರ್ನ್ ಹೊಡೆಯಿತು. ಸೂಜಿಯನ್ನು ಹಾಗೇ ನನಗೆ ಚುಚ್ಚಿ ಓಡಿದರು.

ಊರಿಗೆ ಬಂದು ತಿಂಗಳುಗಳು ಕಳೆದಿವೆ. ಹಗಲು ನನ್ನ ಜಾಗ ಈ ಗೋಡೆಯ ಮೇಲೆ, ಅರ್ಧ ಅವಳ ಅಂಗಳಕ್ಕೆ, ಅರ್ಧ ಇವಳ ಅಂಗಳಕ್ಕೆ. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಇಬ್ಬರೂ ನನ್ನನ್ನು ಇಳಿಸಿಕೊಂಡು ಕೂರುತ್ತಾರೆ. ಇವತ್ತು ಮುಗಿಸೇ ಬಿಡೋಣ ಎನ್ನುತ್ತಾರೆ. ಆಮೇಲೆ ಒಬ್ಬಳಿಗೆ ಯಾವುದೋ ಸಾಲು ಸರಿ ಕಾಣುವುದಿಲ್ಲ. ಒಂದು ಸುತ್ತು ಬಿಚ್ಚುತ್ತಾರೆ. ಚಹಾ ಬರುತ್ತದೆ. ಮಾತು ಬರುತ್ತದೆ. ಮತ್ತೆ ಹೊಲಿಯುತ್ತಾರೆ.

ಹೊದ್ದವರ ಮೈಬಿಸಿ ಒಳಗಿನಿಂದ ಹೇಗಿರುತ್ತದೆ ಎಂದು ತಿಳಿಯುವ ಕುತೂಹಲ ನನಗೆ ಇನ್ನೂ ಇದೆ. ದೇಶದ ಮಾತು ಹಾಗಿರಲಿ, ನಾನು ಈವರೆಗೆ ಒಂದು ಕೂಸಿಗೂ ಹೊದಿಕೆಯಾದವಳಲ್ಲ. ನಾನಿನ್ನೂ ಕೌದಿಯೇ ಆಗಿಲ್ಲ.

ಪಾರವ್ವ ಎದ್ದು ಹೋದಳು. ಕಸ್ತೂರೆವ್ವ ಸೂಜಿಗೆ ದಾರ ಪೋಣಿಸಿ ಹಿಡಿದಿದ್ದಾಳೆ. ಶಂಕ್ರವ್ವ ಕನ್ನಡಕ ಏರಿಸಿ, ನಿನ್ನೆ ತಾನೇ ಹಾಕಿದ ಸಾಲಿನ ಮೇಲೆ ಬೆರಳಾಡಿಸಿ, “ಇದು ಸೊಟ್ಟ ಆಗೇತಲ್ಲ ಕಸ್ತೂರಿ,” ಎನ್ನುತ್ತ ಕತ್ತರಿ ತೆಗೆದುಕೊಳ್ಳುತ್ತಿದ್ದಾಳೆ.

“ಹೌದ ನೋಡ್ರಿ ಅಕ್ಕಾ, ಭಾಳ ಸೊಟ್ಟ ಆಗೇತಿ,” ಎನ್ನುತ್ತಿದ್ದಾಳೆ ಕಸ್ತೂರೆವ್ವ.

ಸೊಟ್ಟ ಏನೂ ಆಗಿಲ್ಲ. ಇದೊಂದನ್ನು ಮಾತ್ರ ನಾನು ಆಣೆ ಮಾಡಿ ಹೇಳಬಲ್ಲೆ.