ಕಪಾಟಿನ ಹಿಂದಿನ ಗಾಳಿ

ದಾಖಲೆ ಕೋಣೆಯ ಗುಮಾಸ್ತನಿಗೆ ಕಚೇರಿಯವರು ಇಟ್ಟ ಹೆಸರು ಕಡತದಣ್ಣ. ಎಂಟು ಕಬ್ಬಿಣದ ಕಪಾಟುಗಳ ಹಿಂದೆ ಅವನಿಗೊಂದು ಗುಟ್ಟಿನ ಜಾಗವಿತ್ತು. ತೆರೆದ ಕಿಟಕಿ, ಒಂದು ಚಾಪೆ, ಹಳೇ ಅರ್ಜಿಗಳನ್ನು ಕಟ್ಟಿ ಮಾಡಿದ ತಲೆದಿಂಬು. ಊಟವಾದ ಮೇಲೆ ಅಲ್ಲಿ ಮುಕ್ಕಾಲು ಗಂಟೆ ಕಣ್ಣು ಮುಚ್ಚದಿದ್ದರೆ ಅವನಿಗೆ ದಿನ ಸಾಗುತ್ತಿರಲಿಲ್ಲ.

ಇಂಥ ನಿದ್ದೆಗೆ ಕಲ್ಲು ಹಾಕಲು ಬಂದವಳು ಇಂಜಿನಿಯರ್ ಮೇಡಂ. ಸರ್ಕಾರಿ ಕಟ್ಟಡಗಳಲ್ಲಿ ಕರೆಂಟು ಪೋಲಾಗುವುದನ್ನು ನಿಲ್ಲಿಸುವುದು ಅವಳ ಕೆಲಸ. ಊಟ ಮುಗಿಸಿ ಬರುತ್ತಿದ್ದವನನ್ನು ಬಾಗಿಲಲ್ಲೇ ಹಿಡಿದಳು. ಕೈಯಲ್ಲಿ ಕಟ್ಟಡದ ಹಳೇ ನಕ್ಷೆ.

"ಇಲ್ಲಿ ನಾಲ್ಕು ಕಿಟಕಿ ತೋರಿಸ್ತಿದೆ. ಎಲ್ಲಿ ಹೋದ್ವು ಅಣ್ಣಾ?"

"ಕಿಟಕಿನಾ? ಕಪಾಟಿನ ಹಿಂದೆ ಬರೀ ಗೋಡೆ ಮೇಡಂ. ನಾನು ಕೆಲಸಕ್ಕೆ ಸೇರಿದಾಗಿಂದ ಗೋಡೆನೇ."

"ಸರಿಸಿದ್ರೆ ಗೊತ್ತಾಗುತ್ತೆ. ಹಾಡುಹಗಲೇ ಹನ್ನೆರಡು ಟ್ಯೂಬ್‌ಲೈಟ್ ಉರಿಸ್ತಿದೀರಲ್ಲ!"

"ಸರಿಸೋಕಾಗಲ್ಲ. ಒಂದು ಕಪಾಟು ಅಲ್ಲಾಡಿದ್ರೆ ಐವತ್ತು ವರ್ಷದ ಕಾಗದ ದಿಕ್ಕಾಪಾಲು. ನೀವು ಬಂದು ಹುಡುಕಿ ಕೊಡ್ತೀರಾ?"

ಅವಳು ವಾದಕ್ಕಿಳಿಯಲಿಲ್ಲ. ಬೆಳಕು ಎಲ್ಲಿಂದಾದರೂ ನುಸುಳುತ್ತದೋ ನೋಡಲು ಕೋಣೆಯ ಮೇನ್ ಸ್ವಿಚ್ಚನ್ನೇ ಆರಿಸಿದಳು. ಲಟಲಟ ಎನ್ನುತ್ತಿದ್ದ ಫ್ಯಾನುಗಳು ನಿಂತವು. ಕಪಾಟುಗಳ ಸಂದಿಯಿಂದ ಬೆಳಕಿನ ಗೆರೆಯೊಂದು ನೆಲಕ್ಕೆ ಬಿತ್ತು. ಜೊತೆಗೆ ಗೊರಕೆಯೂ ಕೇಳಿಸಿತು.

ಕಡತದಣ್ಣ ಕಪಾಟಿನ ಕಡೆ ಕತ್ತು ಚಾಚಿದ. ತಾನು ಇಲ್ಲಿ ನಿಂತಿದ್ದೇನೆ. ಅಲ್ಲಿ ಬಿದ್ದುಕೊಂಡಿರುವವನು ಯಾರು?

"ನಿಮ್ಮ ಗೋಡೆಗೆ ಒಳ್ಳೇ ನಿದ್ದೆ," ಎಂದಳು ಮೇಡಂ.

ಗೊರಕೆ ನಿಂತಿತು. ಗೋಡೆ ಕೆಮ್ಮಿತು. ಕೊನೆಯ ಕಪಾಟಿನ ಪಕ್ಕದಿಂದ ಹೊಟ್ಟೆ ಒಳಗೆಳೆದುಕೊಂಡು ಹೊರಬಂದವರು ಕಚೇರಿಯ ದೊಡ್ಡ ಸಾಹೇಬರು. ಕೆನ್ನೆಯ ಮೇಲೆ ಚಾಪೆಯ ಗೀರು.

"ಅದು... ಗಾಳಿ ಹೇಗೆ ಬರುತ್ತೆ ಅಂತ ಪರೀಕ್ಷೆ ಮಾಡ್ತಿದ್ದೆ."

"ಹೇಗಿದೆ ಸಾರ್?"

"ಬಹಳ ಚೆನ್ನಾಗಿದೆ."

"ಹಾಗಾದ್ರೆ ಎಲ್ಲರಿಗೂ ಸಿಗಲಿ. ಕಪಾಟು ಸರಿಸೋ ಆದೇಶಕ್ಕೆ ಇಲ್ಲೊಂದು ಸಹಿ ಹಾಕಿಬಿಡಿ."

ಸಾಹೇಬರು ಏನಾದರೂ ಹೇಳಯ್ಯಾ ಎಂಬಂತೆ ಕಡತದಣ್ಣನ ಮುಖ ನೋಡಿದರು. ಅವನ ತಲೆಯಲ್ಲಿ ಬೇರೇನೋ ಕುದಿಯುತ್ತಿತ್ತು.

"ಎಷ್ಟು ದಿನದಿಂದ ಸಾರ್ ಈ ಪರೀಕ್ಷೆ?"

"ನೀನು ಊಟಕ್ಕೆ ಹೋದಾಗಲೆಲ್ಲ," ಸಾಹೇಬರು ದನಿ ತಗ್ಗಿಸಿದರು. "ಆ ದಿಂಬು ಸ್ವಲ್ಪ ಗಟ್ಟಿ ಕಣಯ್ಯಾ."

ಹತ್ತು ವರ್ಷ ಹೆಂಡತಿಗೂ ಹೇಳದೆ ಕಾಪಾಡಿಕೊಂಡು ಬಂದ ಜಾಗ. ತನ್ನ ಚಾಪೆ. ದಿಂಬು ಗಟ್ಟಿಯಂತೆ! ತನ್ನೊಬ್ಬನದಾಗಿ ಉಳಿಯದ ಜಾಗ ಇನ್ನು ಯಾರಿಗೂ ಬೇಡ ಎನಿಸಿತು ಕಡತದಣ್ಣನಿಗೆ. ಐವತ್ತು ವರ್ಷದ ಕಾಗದ ಮರೆತೇ ಹೋಯಿತು. ತೋಳೇರಿಸಿ ಮೊದಲ ಕಪಾಟಿಗೆ ಹೆಗಲು ಕೊಟ್ಟ.

"ಅಯ್ಯೋ ಅಣ್ಣಾ, ನಾಳೆ ಆಳುಗಳು ಬರ್ತಾರೆ!"

"ನಾಳೆವರೆಗೂ ಯಾಕೆ ಮೇಡಂ ಕರೆಂಟ್ ದಂಡ?" ಎಂದು ಹಲ್ಲು ಕಚ್ಚಿ ನೂಕಿದ. "ಸಾರ್, ಸುಮ್ನೆ ನಿಂತಿದೀರಲ್ಲ, ಆ ಕಡೆ ಒಂದು ಕೈ ಹಾಕಿ!"